ಅವ್ವ ಹಂಚಿದ ಗುಳಿಗೆ

ಅವ್ವನ ರಕ್ತದ ರಿಪೋರ್ಟಿನಲ್ಲಿ ರೋಗದ ಅಂಕಿ ಏರಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಅದನ್ನು ಎರಡು ಸಲ ಓದಿ, ಗುಳಿಗೆ ಎಂದಾದರೂ ತಪ್ಪಿದೆಯೇ ಎಂದು ಅವ್ವನನ್ನು ಕೇಳಿದರು. ಅವ್ವ ಇಲ್ಲವೆಂದು ತಲೆಯಾಡಿಸಿದಳು.

ಅವಳಿಗೆ ರಕ್ತದ ಕ್ಯಾನ್ಸರ್. ಜೀವಕೋಶದಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಕೂಡಿಕೊಂಡು ಒಂದು ತಪ್ಪು ಪ್ರೋಟೀನು ಹುಟ್ಟುತ್ತದೆ. ಅದು ಬಿಳಿ ಕಣಗಳಿಗೆ ಬೆಳೆಯಿರಿ, ಬೆಳೆಯಿರಿ ಎಂದು ಹೇಳುತ್ತಲೇ ಇರುತ್ತದೆ. ಅವ್ವನ ಗುಳಿಗೆ ಆ ಒಂದು ಪ್ರೋಟೀನಿನ ಬಾಯಿಯನ್ನಷ್ಟೇ ಮುಚ್ಚಿಸುತ್ತದೆ. ದಿನಕ್ಕೊಂದು, ತಪ್ಪದೆ. ಎರಡು ವರ್ಷದಲ್ಲಿ ಅವಳ ಕೂದಲು ಉದುರಲಿಲ್ಲ, ಮಗ್ಗ ನಿಲ್ಲಲಿಲ್ಲ. ಇಳಕಲ್ಲಿನ ನಮ್ಮ ಓಣಿಗೆ ಅದೊಂದು ಪವಾಡವಾಗಿತ್ತು.

ಗುಳಿಗೆ ತಪ್ಪಿಲ್ಲವೆಂದರೆ ರೋಗವೇ ಅದಕ್ಕೆ ಒಗ್ಗಿಕೊಂಡಿರಬಹುದು, ಜೀನ್ ಪರೀಕ್ಷೆ ಮಾಡಿಸಿ ಬೇರೆ ಗುಳಿಗೆ ಹುಡುಕಬೇಕು ಎಂದರು ಡಾಕ್ಟರು. ಅದೂ ನಾಟದಿದ್ದರೆ ಎಂದೆ. ಮೊದಲು ಪರೀಕ್ಷೆಯಾಗಲಿ ಎಂದರು.

ವಾಪಸು ಬರುವಾಗ ಬಸ್ಸು ಹುನಗುಂದದಲ್ಲಿ ನಿಂತಿತು. ಅಲ್ಲಿಯ ಹೈಸ್ಕೂಲಿನಲ್ಲೇ ನಾನು ವಿಜ್ಞಾನ ಕಲಿಸುವುದು. ಕಿಟಕಿಯತ್ತ ನೋಡುತ್ತ ಅವ್ವ ಮೆಲ್ಲಗೆ ಹೇಳಿದಳು:

"ಒಂದ ದಿನ ಬಿಟ್ಟ ಒಂದ ದಿನ ತಗೊಂಡೇನಿ. ಉಳದದ್ದು ನಿಮ್ಮ ಚಿಗವ್ವಗ ಕೊಟ್ಟೇನಿ. ಆಕಿಗೂ ಅದ ಬಂದೈತಿ."

ಚಿಗವ್ವ ಎಂದರೆ ನಮ್ಮ ಪಕ್ಕದ ಮನೆಯ ನೇಕಾರ್ತಿ. ಎದೆಯಲ್ಲಿ ಗಂಟು ಕಂಡಾಗ ನಾಚಿಕೆಯಿಂದ ಯಾರಿಗೂ ಹೇಳದೆ ಅವ್ವನಿಗೆ ಮಾತ್ರ ತೋರಿಸಿದ್ದಳಂತೆ. ಅದಾಗಿ ಎರಡು ತಿಂಗಳು. ದಿನಾ ಸಂಜೆ ಖಾಲಿಯಾದ ಗುಳಿಗೆಯ ಹಾಳೆ ನೋಡಿ ಸಮಾಧಾನಪಡುತ್ತಿದ್ದವಳು ನಾನು. ಸಿಟ್ಟು ನೆತ್ತಿಗೇರಿತು. ಬಸ್ಸೆಂಬುದನ್ನೂ ಮರೆತು ಗದರಿದೆ.

ಅವ್ವ ಸೋಲಲಿಲ್ಲ. "ಕ್ಯಾನ್ಸರ್ ಗುಳಿಗಿ ಅಂತ ನೀನ ಹೇಳಿದ್ದೆಲ್ಲ?"

ಹೇಳಿದ್ದೆ. ಮಕ್ಕಳಿಗೆ ಬೋರ್ಡಿನ ತುಂಬ ವರ್ಣತಂತು ಬರೆದು ತೋರಿಸುವವಳು ಅವ್ವನಿಗೆ ಎರಡೇ ಪದದಲ್ಲಿ ಮುಗಿಸಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಕ್ಯಾನ್ಸರ್ ಅಂದ್ರ ಒಂದ ರೋಗ ಅಲ್ಲವ್ವ," ಎಂದೆ. "ನಿನ್ನ ಮಗ್ಗದಾಗ ಹರದ ಎಳಿ ಬ್ಯಾರೆ, ಆಕಿ ಮಗ್ಗದಾಗ ಹರದ ಎಳಿ ಬ್ಯಾರೆ. ನಿನ್ನ ಮಗ್ಗದಾಗ ಗಂಟ ಹಾಕಿದ್ರ ಆಕಿ ಎಳಿ ಕೂಡತೈತೇನು?"

ಅವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. "ಹಂಗಾದ್ರ ಆಕಿದು ಎರಡು ತಿಂಗಳು ಸುಮ್ನ ಹೋತು," ಎಂದಳು. ತನ್ನ ಎರಡು ತಿಂಗಳ ಮಾತೇ ಎತ್ತಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತಿನಿಂದಲೇ ದಿನಾ ಗುಳಿಗೆ ಶುರುವಾಗಲಿ, ಅರೆಬರೆ ಔಷಧಕ್ಕೆ ರೋಗ ಪಳಗಿದೆಯೋ ಇಲ್ಲವೋ ಪರೀಕ್ಷೆಯೇ ಹೇಳಬೇಕು ಎಂದರು. ಗಂಟು ಇರುವ ಹೆಣ್ಣುಮಗಳನ್ನು ನಾಳೆಯೇ ಕರೆತನ್ನಿ ಎಂದೂ ಹೇಳಿದರು.

ಇಳಕಲ್ಲಿನಲ್ಲಿ ಇಳಿದು ನೇರ ಚಿಗವ್ವನ ಮನೆಗೆ ಹೋದೆವು. ಅವಳು ಮಗ್ಗದಿಂದೆದ್ದು ಬಂದು, ನಗುತ್ತ, ಎಂದಿನಂತೆ ಅಂಗೈ ಚಾಚಿದಳು. ಅವ್ವ ಬರಿಗೈಯಿಂದ ಆ ಕೈ ಹಿಡಿದುಕೊಂಡಳು. ಎಲ್ಲವನ್ನೂ ಹೇಳಿದಳು, ಅಂಕಿ ಏರಿದ್ದನ್ನೂ.

ಚಿಗವ್ವ ತನ್ನ ಗಂಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಅಕ್ಕಾ, ಹೆಚ್ಚಿಗಿ ಅದಾವ ಅಂದಿದ್ದೆಲ್ಲ. ನಿನ್ನ ಪಾಲಿಂದು ನನಗ ಕೊಟ್ಟಿಯೇನು?"