ಹುಣಸೆಹಣ್ಣಿನಲ್ಲಿ ತೊಳೆದ ಬಾಟಲಿ

ಮಾನ್ಯ ವಸುಧಾ ಅವರೇ,

ಆ ಬಾಟಲಿಯನ್ನು ಕೆಡಿಸಿದವಳು ನಾನು. ತಪ್ಪು ನಿಮ್ಮದೆಂದು ಎಲ್ಲರೂ ನಂಬಿದಾಗ ಸುಮ್ಮನಿದ್ದವಳೂ ನಾನೇ — ಎಂಬುದನ್ನು ಇಷ್ಟು ವರ್ಷಗಳ ನಂತರ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಅಣುತ್ಯಾಜ್ಯವನ್ನು ನೆಲದಾಳದ ಉಪ್ಪುಬಂಡೆಯಲ್ಲಿ ಹೂತರೆ, ಅಲ್ಲಿ ಜಿನುಗುವ ಕಡು ಉಪ್ಪುನೀರಿನಲ್ಲಿ ತ್ಯಾಜ್ಯದ ಲೋಹ ಎಷ್ಟು ಕರಗೀತು ಎಂಬುದು ನಮ್ಮ ಪ್ರಯೋಗಾಲಯದ ಪ್ರಶ್ನೆಯಾಗಿತ್ತು. ತ್ಯಾಜ್ಯದ ಜೊತೆಗಿರುವ ಸಾವಯವ ಆಮ್ಲಗಳು ಲೋಹವನ್ನು ಹಿಡಿದುಕೊಂಡು, ತಳಕ್ಕಿಳಿಯದಂತೆ ನೀರಿನಲ್ಲೇ ಉಳಿಸಬಲ್ಲವು. ಹೋಲಿಕೆಗೆಂದು, ಅಂಥ ಆಮ್ಲವನ್ನೇ ಬೆರೆಸದ ಬಾಟಲಿಯೊಂದು ನಿಮ್ಮ ಹೊಣೆಯಲ್ಲಿತ್ತು. ಅದರಲ್ಲಿ ಲೋಹ ತಳ ಸೇರಬೇಕಿತ್ತು, ಸೇರಲಿಲ್ಲ; ನೀವು ಸೋಸಿ ಅಳೆದ ನೀರಿನಲ್ಲೇ ಉಳಿದಿತ್ತು.

ಬಾಟಲಿ ತೊಳೆಯುವ ಸರದಿ ನನ್ನದಾಗಿತ್ತು. ತೊಳೆಯಲು ಬಳಸುವ ನೈಟ್ರಿಕ್ ಆಮ್ಲ ಮುಗಿದಿತ್ತು. ಒಳಗಿನ ಕಲೆ ಹೋಗಲೆಂದು, ಮನೆಯಲ್ಲಿ ಶುಕ್ರವಾರದ ಹಿತ್ತಾಳೆ ದೀಪಗಳನ್ನು ತಿಕ್ಕುವಂತೆ, ಹುಣಸೆಹಣ್ಣು ಕಿವುಚಿ ತೊಳೆದೆ. ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುವ ಆತುರ — ಜಾಲಾಡಿಸಿದ್ದು ಒಂದೇ ಸಲ. ಹುಣಸೆಯ ಹುಳಿಯೂ ಲೋಹವನ್ನು ಹಿಡಿಯುವ ಸಾವಯವ ಆಮ್ಲವೇ. ದೀಪದ ಕಿಲುಬು ಬಿಡುವುದು ಅದರಿಂದಲೇ. ಇದನ್ನು ಓದಿದ್ದ ನಾನು...

“ಏನಮ್ಮಾ, ಬರೀ ಉಪ್ಪುನೀರಲ್ಲಿ ಇಷ್ಟು ಕರಗುತ್ತಾ? ಸೋಸೋಕೂ ಬರಲ್ವಾ ನಿಂಗೆ?” ಎಂದು ನಿಮ್ಮನ್ನು ಕೇಳಿದರು ನಮ್ಮ ಮಾರ್ಗದರ್ಶಕರು.

ನೀವು ನನ್ನತ್ತ ತಿರುಗಿದಿರಿ. “ಶಾರದಕ್ಕ, ಬಾಟ್ಲು ಸರಿಯಾಗಿ ತೊಳೆದಿದ್ರಿ ಅಲ್ವಾ?”

ಹುಣಸೆಹಣ್ಣು ಆ ಕ್ಷಣವೇ ನೆನಪಾಯಿತು. “ಹೂಂ ಕಣೇ, ಯಾವಾಗ್ಲೂ ತೊಳೆಯೋ ಹಾಗೇನೇ,” ಎಂದೆ.

ನೀವು ಸಂಶೋಧನೆಯನ್ನೇ ಬಿಟ್ಟಿರಿ. ಬಳಿಕ ನಾನು ನೈಟ್ರಿಕ್ ಆಮ್ಲದಲ್ಲಿ ತೊಳೆದ ಬಾಟಲಿಯಲ್ಲಿ ಅದೇ ಪ್ರಯೋಗ ನಡೆಸಿದೆ. ಲೋಹ ತಳ ಸೇರಿತು. ಪ್ರಬಂಧದಲ್ಲಿ ನಿಮ್ಮ ಜಾಗಕ್ಕೆ ನನ್ನ ಹೆಸರು ಬಂತು. ಸರ್ ಬೆನ್ನು ತಟ್ಟಿದರು — ನಾನು ತಟ್ಟಿಸಿಕೊಂಡೆ.

ಮೊನ್ನೆ ಹೂವಿನಂಗಡಿಯ ಮುಂದೆ ಸಿಕ್ಕಾಗ, ಎನ್.ಆರ್. ಕಾಲೋನಿಯಲ್ಲಿ ನೀವು ನಡೆಸುವ ಮನೆಪಾಠದ ಬಗ್ಗೆ ಕೇಳಿದೆ. “ಥಿಯರಿ ಮಾತ್ರ ಅಕ್ಕಾ, ಪ್ರಾಕ್ಟಿಕಲ್ ಹೇಳ್ಕೊಡಲ್ಲ. ನನ್ ಕೈಗೆ ಸರ್ ಆವತ್ತೇ ಸರ್ಟಿಫಿಕೇಟ್ ಕೊಟ್ಬಿಟ್ರಲ್ಲ,” ಎಂದು ನಕ್ಕಿರಿ. ಆಗಲೂ ನಾನು — ನಿಮ್ಮೊಡನೆ ನಕ್ಕು, ಹೂ ಕಟ್ಟಿಸಿಕೊಂಡು ಬಂದೆ.

ನಿನ್ನೆ ಮಲ್ಲೇಶ್ವರಕ್ಕೆ ಹೋಗಿ ಸರ್ ಅವರಿಗೆ ಎಲ್ಲವನ್ನೂ ತಿಳಿಸಿದ್ದೇನೆ. ಅವರು “ಅವಳಿಗೆ ಹೇಳಿದ್ಯಾ?” ಎಂದಷ್ಟೇ ಕೇಳಿದರು.

ಕ್ಷಮೆ ಕೋರಲು ನಾನು ಅರ್ಹಳಲ್ಲ, ಉತ್ತರವನ್ನೂ ನಿರೀಕ್ಷಿಸುವುದಿಲ್ಲ. ನೀವು ಸೋಸಿದ್ದು ಸರಿಯಾಗಿತ್ತು. ಅಳೆದದ್ದೂ ಸರಿಯಾಗಿತ್ತು. ಬಾಟಲಿಯಲ್ಲಿ ಉಳಿದಿದ್ದ ನನ್ನ ಹುಣಸೆಯನ್ನು ಮೊದಲು ಹಿಡಿದು ತೋರಿಸಿದ್ದು ನಿಮ್ಮ ಕೈಯೇ.

ಶಾರದಾ