ಕೆಂಪಣ್ಣ ನಗಾರಿ ಬಾರಿಸಿದ ಸಂಜೆ

ಕುಶಾಲನಗರದ ಸುತ್ತಮುತ್ತ ಕೆಂಪಣ್ಣನ ಡೋಲು ಕೇಳದವರು ಕಡಿಮೆ. ಅವನಪ್ಪ ಹಾಸನದ ಕಡೆಯಿಂದ ಬಂದು ಬೇಸಾಯಕ್ಕೆ ನಿಂತವನು. ಕೆಂಪಣ್ಣ ಎರಡನೇ ಮಹಾಯುದ್ಧದ ಕಾಲದಲ್ಲಿ ಪಲ್ಟನ್ನು ಸೇರಿ, ಅಲ್ಲಿನ ಬ್ಯಾಂಡಿನಲ್ಲಿ ಬಾರಿಸುವುದನ್ನು ಕಲಿತ. ಊರಿಗೆ ಮರಳಿದ ಮೇಲೆ ಉಳುಮೆಯ ಜೊತೆಗೆ ಮದುವೆಗಳಿಗೂ ಹೋಗುತ್ತಿದ್ದ. ಅವನ ಡೋಲಿನ ಸದ್ದಿಗೆ ಬೆದರಿ ದಿಬ್ಬಣದ ಎತ್ತುಗಳು ಗಾಡಿ ಸಮೇತ ಗದ್ದೆಗಿಳಿದದ್ದೂ ಉಂಟು.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ದಿನಗಳವು. ಮಡಿಕೇರಿಯ ಕ್ಲಬ್ಬೊಂದಕ್ಕೆ ಬೆಂಗಳೂರಿನಿಂದ ಆರ್ಕೆಸ್ಟ್ರಾ ಬಂತು. ಬಂದ ದಿನವೇ ಅದರ ನಗಾರಿಯವನು ಚಳಿಜ್ವರ ಹಿಡಿದು ಮಲಗಿದ. ಕ್ಲಬ್ಬಿನ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪ ಮರುದಿನ ಬೆಳಿಗ್ಗೆಯೇ ಜೀಪಿನಲ್ಲಿ ಕೆಂಪಣ್ಣನ ಮನೆಗೆ ಬಂದ.

"ಬೊಂಬಾಯಿಂದ ಕಂಡಕ್ಟರ್ ಬಂದಿದ್ದಾರೆ ಮಾರಾಯ. ನೀನು ನಗಾರಿ ಬಾರಿಸೋಕೆ ಈಗಲೇ ಹೊರಡಬೇಕು."

"ಬಸ್ ಕಂಡಕ್ಟ್ರಿಗೆ ಇವರ ಡೋಲು ಯಾಕಂತೆ?" ಎಂದಳು ಕೆಂಪಣ್ಣನ ಹೆಂಡತಿ ರಂಗಮ್ಮ.

ಬೆಳ್ಯಪ್ಪ ನಕ್ಕು, ಅವರು ಕೈಯಲ್ಲಿ ಕಡ್ಡಿ ಹಿಡಿದು ಅಷ್ಟೂ ಜನರನ್ನು ನುಡಿಸುವವರು ಎಂದು ವಿವರಿಸಿದ. "ಹಂಗಾದ್ರೆ ನಾನೂ ನೋಡ್ಬೇಕು" ಎಂದು ರಂಗಮ್ಮ ಕೂಸನ್ನು ಎತ್ತಿಕೊಂಡು ಜೀಪು ಹತ್ತಿದಳು.

ಕ್ಲಬ್ಬಿನ ಹಾಲ್‌ನಲ್ಲಿ ಕಂಡಕ್ಟರ್ ಮೆನೆಜಿಸ್ ಸಾಹೇಬರು ಕೆಂಪಣ್ಣನಿಗೆ ಪಲ್ಟನ್ನಿನಲ್ಲಿ ಅಭ್ಯಾಸವಾಗಿದ್ದ ಹಿಂದೂಸ್ತಾನಿಯಲ್ಲೇ ಮಾತಾಡಿದರು. ಅವರ ಪಕ್ಕದಲ್ಲಿ ಫ್ರೇನಿ ಎಂಬ ಪಾರ್ಸಿ ಹುಡುಗಿ ಪಿಟೀಲಿನ ದೊಡ್ಡಣ್ಣನಂತಿದ್ದ ಚೆಲೊವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದಳು.

"ಕೊನೆಯಲ್ಲಿ ಇವಳು ಒಂದೇ ಸ್ವರ ಹಿಡಿದು ನಿಲ್ಲುತ್ತಾಳೆ. ನಾನು ಎಡಗೈ ಎತ್ತಿದಾಗ ನೀನು ಮೆಲ್ಲಗೆ ಸೇರಿಕೋ" ಎಂದರು ಸಾಹೇಬರು.

ಕೆಂಪಣ್ಣ ಸೇರಿಕೊಂಡ. ಕಿಟಕಿಯ ಗಾಜುಗಳು ಗಡಗಡಿಸಿದವು. ಇನ್ನೂ ಮೆಲ್ಲಗೆ ಎಂದರು. ಎಷ್ಟು ಸಲ ಬಾರಿಸಿದರೂ ಮದುವೆಯ ಪೆಟ್ಟೇ ಬೀಳುತ್ತಿತ್ತು. ಅವನ ಅಂಗಿ ಬೆವರಿನಿಂದ ಒದ್ದೆಯಾಯಿತು.

"ಮಗೀನ ತಟ್ಟಿ ಮಲಗಿಸ್ತೀರಲ್ಲ, ಹಂಗೆ ತಟ್ಟಿ ನೋಡಿ" ಎಂದಳು ರಂಗಮ್ಮ ಬಾಗಿಲ ಬಳಿಯಿಂದ.

ಅವನು ಹಾಗೆಯೇ ತಟ್ಟಿದ. ದೂರದ ಗುಡ್ಡದಾಚೆ ಗುಡುಗಿದಷ್ಟೇ ಸದ್ದು ಬಂತು. ಸಾಹೇಬರು ಕಣ್ಣು ಮುಚ್ಚಿ ತಲೆಯಾಡಿಸಿದರು.

ಸಂಜೆ ಹಾಲ್ ತುಂಬಿತು. ಬೆಳ್ಯಪ್ಪನ ಬಿಗಿಯಾದ ಕರಿ ಕೋಟು ತೊಟ್ಟು ಕೆಂಪಣ್ಣ ಎಲ್ಲರ ಹಿಂದೆ ನಿಂತ. ಫ್ರೇನಿ ಕಮಾನು ಎಳೆದಳು. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಗುನುಗಿದಂತಿತ್ತು. ಪಲ್ಟನ್ನಿನ ಡೇರೆಯಲ್ಲಿ ಹೀಗೇ ಗುನುಗುತ್ತಿದ್ದ, ಯುದ್ಧದಿಂದ ಮರಳದ ಗೆಳೆಯ ಸಣ್ಣಸ್ವಾಮಿ ಕೆಂಪಣ್ಣನಿಗೆ ನೆನಪಾದ. ಕೈಯಲ್ಲಿ ಕೋಲುಗಳಿದ್ದದ್ದೇ ಮರೆತುಹೋಯಿತು.

ಸಾಹೇಬರ ಎಡಗೈ ಎದ್ದದ್ದು ಅವನಿಗೆ ಕಾಣಲಿಲ್ಲ. ಫ್ರೇನಿ ಸ್ವರ ಬಿಡಲಿಲ್ಲ. ಕಮಾನನ್ನು ಇನ್ನಷ್ಟು ನಿಧಾನಕ್ಕೆ ಎಳೆಯುತ್ತ, ಹಿಂದಕ್ಕೆ ತಿರುಗಿ ಅವನತ್ತ ನೋಡಿ ನಕ್ಕಳು. ಕೆಂಪಣ್ಣನಿಗೆ ಎಚ್ಚರವಾಯಿತು. ಮೆಲ್ಲಗೆ ತಟ್ಟತೊಡಗಿದ. ಚೆಲೊ, ನಗಾರಿ ಎರಡೂ ಒಟ್ಟಿಗೇ ಕರಗಿಹೋದವು. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

"ತಪ್ಪಾಯ್ತು ಸಾಹೇಬ್ರೇ, ಕೇಳ್ತಾ ನಿಂತ್ಬಿಟ್ಟೆ" ಎಂದ ಕೆಂಪಣ್ಣ.

"ಆ ಕಾಯುವಿಕೆಯೇ ಚೆನ್ನಾಗಿತ್ತು. ನಾಳೆ ಮೈಸೂರಿನಲ್ಲೂ ಹಾಗೇ ಕಾಯಿಸು."

"ಇದಕ್ಕಿಂತ ಹೆಚ್ಚು ಬೇಡ. ನನ್ನ ಕಮಾನು ಇರೋದೇ ಇಷ್ಟುದ್ದ" ಎಂದಳು ಫ್ರೇನಿ.

ಮೈಸೂರು ಎಂದೊಡನೆ ಕೆಂಪಣ್ಣ ಹೆಂಡತಿಯ ಮುಖ ನೋಡಿದ. ಹೊಲದಲ್ಲಿ ಉಳುಮೆ ಅರ್ಧಕ್ಕೆ ನಿಂತಿತ್ತು.

"ಹೊಲ ನಾನ್ ನೋಡ್ಕತೀನಿ, ಹೋಗ್ಬನ್ನಿ. ಆ ಕೋಟು ಮಾತ್ರ ಬ್ಯಾಡ, ಕಂಕುಳಲ್ಲಿ ಬಿಚ್ಚೋಗೈತೆ."

ಮರುದಿನ ಆರ್ಕೆಸ್ಟ್ರಾದ ಬಸ್ಸಿನಲ್ಲೇ ಎಲ್ಲರೂ ಹೊರಟರು. ಕೂಸು ದಾರಿಯುದ್ದಕ್ಕೂ ಫ್ರೇನಿಯ ತೊಡೆಯ ಮೇಲಿತ್ತು. ಕುಶಾಲನಗರದಲ್ಲಿ ರಂಗಮ್ಮ ಅದನ್ನು ಎತ್ತಿಕೊಂಡು ಇಳಿದು, ಕಿಟಕಿಯ ಹತ್ತಿರ ಬಂದು ಹೇಳಿದಳು:

"ಬರೋವಾಗ ಒಂದು ಕಟ್ಟು ವೀಳ್ಯದೆಲೆ ತನ್ನಿ. ಎಳೇದು ನೋಡಿ ತನ್ನಿ."