ಪಕ್ಕದ ಮನೆಯ ಪಿಸ್ತೂಲು

ವಿಮಾನಪುರದಲ್ಲಿ ನಮ್ಮ ಪಕ್ಕದ ಮನೆಯವರು ಲೈಸೆನ್ಸ್ ಮಾಡಿಸಿ ಪಿಸ್ತೂಲು ಇಟ್ಟುಕೊಂಡಿದ್ದರು. ಹಿಂದೊಮ್ಮೆ ಕಳ್ಳರು ಮನೆಗೆ ನುಗ್ಗಿ ಅವರ ಹೆಂಡತಿಯನ್ನು ಹೊಡೆದು ಸರ ಕಿತ್ತುಕೊಂಡು ಹೋಗಿದ್ದರು. ಮುಂದೆ ಆಕೆ ಕಾಯಿಲೆಯಿಂದ ತೀರಿಕೊಂಡ ಮೇಲೂ ಅವರಿಗೆ ಆ ಭಯ ಹೋಗಲಿಲ್ಲ.

ಪಾರ್ಕಿನ ಬೆಂಚಿನಲ್ಲಿ ಯಾರಾದರೂ "ನಮ್ಮಂಥೋರಿಗೆ ಗನ್ ಯಾಕ್ರೀ?" ಅಂದರೆ ಸಾಕು, ಮೊಣಕಾಲು ತಟ್ಟುತ್ತಾ, "ಪೊಲೀಸರು ಬರೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ ರೀ" ಅನ್ನುತ್ತಿದ್ದರು. ವಾದ ಗೆದ್ದು ಒಬ್ಬರೇ ಮನೆಗೆ ನಡೆಯುತ್ತಿದ್ದರು.

ಅವರ ಊಟಕ್ಕೆಂದು ಅಮ್ಮ ಹಿತ್ತಿಲ ಬಾಗಿಲಿಂದ ಹೋಗಿ ಹುಳಿ ಕೊಟ್ಟು ಬರುತ್ತಿದ್ದಳು. ಒಂದು ಮಧ್ಯಾಹ್ನ, ಅವರು ಮಲಗಿರಬಹುದೆಂದು ಸದ್ದಿಲ್ಲದೆ ಒಳಗೆ ಹೋದಳು. ಪಾತ್ರೆ ಇಟ್ಟು ತಿರುಗಿದರೆ ಎದುರಿಗೇ ಪಿಸ್ತೂಲು.

"ನಾನು ಕಣ್ರೀ, ಹುಳಿ ತಂದಿದೀನಿ" ಅಂದಳು ಅಮ್ಮ.

ಅವರು ಕೈ ಇಳಿಸಿ ನೆಲದ ಮೇಲೇ ಕುಳಿತುಬಿಟ್ಟರು.

ಮಾರನೆಯ ದಿನ ನಮ್ಮ ಬಾಗಿಲಲ್ಲಿ ನಿಂತು, "ಪಿಸ್ತೂಲು ಸ್ಟೇಷನ್ನಿಗೆ ಕೊಟ್ಬಂದೆ ಅಮ್ಮಾ. ಇನ್ನು ಹೆದರಬೇಡಿ, ಬನ್ನಿ" ಅಂದರು.

ಅಮ್ಮ ಹುಳಿ ಕೊಡುವುದನ್ನು ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಗೇಟಿನ ಹೊರಗೇ ನಿಂತು, "ನಾನು ಬಂದಿದೀನಿ" ಎಂದು ಕೂಗುತ್ತಿದ್ದಳು. ಅವರು ಎರಡೂ ಖಾಲಿ ಕೈಗಳನ್ನು ಮುಂದೆ ಚಾಚಿಕೊಂಡೇ ಹೊರಗೆ ಬರುತ್ತಿದ್ದರು.